ಪಿ0340 ಬಂತೆಂದು ಸೆನ್ಸರ್ ಬದಲಿಸುವ ಮುನ್ನ: ಮಲೆನಾಡಿನ ಮಳೆಯಲ್ಲಿ ಕ್ಯಾಮ್ ಸೆನ್ಸರ್ ದೋಷ ಹುಡುಕುವ ಕ್ರಮ

ಮಳೆಗಾಲ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗಾಡಿಗಳಲ್ಲಿ ಪದೇ ಪದೇ ಕಾಣುವ ದೂರು ಇದು. ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಹತ್ತಿಕೊಳ್ಳಲು ನಾಲ್ಕೈದು ಸೆಕೆಂಡ್ ಸತಾಯಿಸುತ್ತದೆ. ಹತ್ತಿದ ಮೇಲೆ ತೊಂದರೆ ಇಲ್ಲದಂತೆ ಓಡುತ್ತದೆ, ಚೆಕ್ ಲೈಟ್ ಮಾತ್ರ ಆರುವುದಿಲ್ಲ. ಸ್ಕ್ಯಾನರ್ ಹಾಕಿದರೆ ಪಿ0340 ಎಂಬ ದೋಷದ ಕೋಡ್. ಹೊಸ ಸೆನ್ಸರ್ ತರಿಸಿ ಹಾಕುತ್ತಾರೆ, ನಾಲ್ಕು ದಿನ ಹೊಳವಾದಾಗ ಸರಿಯಾಗಿರುತ್ತದೆ, ಮತ್ತೆ ಜಡಿಮಳೆ ಹಿಡಿದ ಕೂಡಲೇ ಅದೇ ಕೋಡ್ ವಾಪಸ್.

ಪಿ0340 ಹೇಳುವುದು ಸೆನ್ಸರ್ ಸತ್ತಿದೆ ಎಂದಲ್ಲ. ವಾಲ್ವ್ ತೆರೆಯುವ ಕ್ಯಾಮ್ ದಂಡದ ಸ್ಥಾನ ನೋಡುವ ಸೆನ್ಸರಿನ, ಅಂದರೆ ಕ್ಯಾಮ್ ಸೆನ್ಸರಿನ, ಸರ್ಕ್ಯೂಟ್‌ನಿಂದ ಇಸಿಯುಗೆ (ಎಂಜಿನ್ ನಡೆಸುವ ಕಂಪ್ಯೂಟರ್) ಬರಬೇಕಾದ ಸುದ್ದಿ ಬರುತ್ತಿಲ್ಲ ಎಂದು. ಆ ಸರ್ಕ್ಯೂಟ್‌ನಲ್ಲಿ ಸೆನ್ಸರ್ ಒಂದು ತುಂಡು ಅಷ್ಟೆ. ಕಪ್ಲರ್ (ವೈರು ಸೇರಿಸುವ ಪ್ಲಗ್), ಮೂರು ವೈರು, ಸಪ್ಲೈ, ಅರ್ತ್, ಇಸಿಯು ಪಿನ್ನು, ಕ್ಯಾಮ್ ಮೇಲಿನ ಹಲ್ಲುಚಕ್ರ, ಎಲ್ಲವೂ ಅದರೊಳಗೇ ಬರುತ್ತವೆ. ನಮ್ಮ ಹವೆಯಲ್ಲಿ ಮೊದಲು ಕೈಕೊಡುವುದು ಕಪ್ಲರ್ ಮತ್ತು ವೈರು. ಆದ್ದರಿಂದ ಇಲ್ಲಿ ಸೆನ್ಸರ್ ಬದಲಿಸುವುದು ಕೊನೆಯ ಹಂತ.

ಸೆನ್ಸರ್ ಮಾಡುವ ಕೆಲಸ

ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಒಂದು ಸುತ್ತಿನ ಕೆಲಸ ಮುಗಿಯಲು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಎರಡು ಬಾರಿ, ಅಂದರೆ 720 ಡಿಗ್ರಿ ತಿರುಗಬೇಕು. ಅಷ್ಟರಲ್ಲಿ ಕ್ಯಾಮ್ ತಿರುಗುವುದು ಒಂದೇ ಸುತ್ತು. ಕ್ರ್ಯಾಂಕ್ ಸೆನ್ಸರಿನ ಎದುರು ತಿರುಗುವ ಚಕ್ರದಲ್ಲಿ ಬಹಳಷ್ಟು ಎಂಜಿನ್‌ಗಳಿಗೆ 60 ಹಲ್ಲುಗಳ ಜಾಗವಿದ್ದು 58 ಹಲ್ಲು ಇರುತ್ತವೆ, ಎರಡು ಹಲ್ಲಿನ ಜಾಗ ಖಾಲಿ. ಆ ಖಾಲಿ ಜಾಗ ನೋಡಿ ಪಿಸ್ಟನ್ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂಬುದನ್ನು ಇಸಿಯು ಲೆಕ್ಕ ಹಾಕುತ್ತದೆ. ಗೊತ್ತಾಗದ್ದು ಒಂದೇ: ಒಂದನೇ ಸಿಲಿಂಡರಿನ ಪಿಸ್ಟನ್ ಮೇಲೆ ಬಂದಿರುವುದು ಕಂಪ್ರೆಶನ್ ಮುಗಿಸಿಯೋ, ಎಕ್ಸಾಸ್ಟ್ ಮುಗಿಸಿಯೋ? ಗೋಡೆ ಗಡಿಯಾರ ಆರು ತೋರಿಸಿದರೆ ಬೆಳಗಿನ ಆರೋ ಸಂಜೆಯ ಆರೋ ಅದರಿಂದ ತಿಳಿಯುವುದಿಲ್ಲವಲ್ಲ, ಹಾಗೆ. ಕ್ಯಾಮ್ ಸೆನ್ಸರ್ ಆ ಸಂಶಯ ತೀರಿಸುತ್ತದೆ. ಆಮೇಲೆ ಇಸಿಯು, ನಾಲ್ಕು ಸಿಲಿಂಡರಿನ ಎಂಜಿನ್ನಾದರೆ ಸಾಮಾನ್ಯವಾಗಿ 1-3-4-2ರ ಕ್ರಮದಲ್ಲಿ, ಆಯಾ ಸಿಲಿಂಡರಿಗೆ ಪೆಟ್ರೋಲ್ ಬಿಟ್ಟು ಆಯಾ ಕಾಯಿಲ್‌ಗೆ ಕಿಡಿ ಕೊಡುತ್ತದೆ.

ಹಳೇ ಕಾರ್ಬುರೇಟರ್ ಗಾಡಿಗಳಲ್ಲಿ ಈ ಕೆಲಸ ಡಿಸ್ಟ್ರಿಬ್ಯೂಟರ್‌ದಾಗಿತ್ತು. ಅದರ ರೋಟರ್ ಕ್ಯಾಮ್ ವೇಗದಲ್ಲೇ ತಿರುಗುತ್ತಿತ್ತು. ಆಗ ಮಳೆಗೆ ಕ್ಯಾಪ್ ಒಳಗೆ ಥಂಡಿ ಕೂತು ಗಾಡಿ ನಿಲ್ಲುತ್ತಿತ್ತು. ಈಗ ಥಂಡಿ ಕೂರುವ ಜಾಗ ಬದಲಾಗಿದೆ, ಕಾಟ ತಪ್ಪಿಲ್ಲ.

ಕ್ಯಾಮ್ ಸಿಗ್ನಲ್ ಇಲ್ಲದೆಯೂ ಕೆಲವು ಗಾಡಿ ಸ್ಟಾರ್ಟ್ ಆಗುವುದಕ್ಕೆ ಕಾರಣ ಇಸಿಯುವಿನ ಬದಲಿ ವ್ಯವಸ್ಥೆ. ಅದು ಊಹೆಯ ಮೇಲೆ ಕಿಡಿ ಕೊಟ್ಟು ನೋಡುತ್ತದೆ, ಅಥವಾ 1-4 ಮತ್ತು 2-3 ಜೋಡಿಗಳಿಗೆ ಒಟ್ಟಿಗೇ ಕಿಡಿ ಹಾರಿಸುತ್ತದೆ. ಜೋಡಿಯಲ್ಲಿ ಒಂದು ಕಿಡಿ ಎಕ್ಸಾಸ್ಟ್‌ನಲ್ಲಿ ದಂಡವಾಗುತ್ತದೆ, ಇನ್ನೊಂದು ಕೆಲಸಕ್ಕೆ ಬರುತ್ತದೆ. ಸ್ಟಾರ್ಟ್ ತಡವಾಗುವುದು, ಪಿಕಪ್ ಕುಗ್ಗುವುದು, ಮೈಲೇಜ್ ಇಳಿಯುವುದು ಇದರಿಂದಲೇ. ಕಾಮನ್ ರೈಲ್ ಡೀಸೆಲ್ ಜೀಪು, ಪಿಕಪ್‌ಗಳಲ್ಲಿ ಕಿಡಿಯ ಮಾತಿಲ್ಲ, ಇಂಜೆಕ್ಷನ್ ಸಮಯದ ಪ್ರಶ್ನೆ. ಅವುಗಳಲ್ಲಿ ಹಲವು ಓಡುತ್ತಿರುವಾಗ ಸಿಗ್ನಲ್ ತಪ್ಪಿದರೆ ಓಡುತ್ತಲೇ ಇರುತ್ತವೆ, ಆರಿಸಿದ ಮೇಲೆ ಮತ್ತೆ ಹತ್ತಿಕೊಳ್ಳುವುದಿಲ್ಲ.

ಸೆನ್ಸರ್‌ಗಳಲ್ಲಿ ಎರಡು ಜಾತಿ. ಮೂರು ವೈರಿನದು ಹಾಲ್ ಸೆನ್ಸರ್. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ಪರಿಣಾಮದ ಮೇಲೆ ಕೆಲಸ ಮಾಡುತ್ತದೆ. ಒಂದು ವೈರಿನಲ್ಲಿ 5 ಅಥವಾ 12 ವೋಲ್ಟ್ ಸಪ್ಲೈ, ಒಂದು ಅರ್ತ್, ಒಂದು ಸಿಗ್ನಲ್. ಈ ಸೆನ್ಸರ್ ತಾನಾಗಿ ಸಿಗ್ನಲ್ ವೈರಿಗೆ ವೋಲ್ಟೇಜ್ ಕೊಡುವುದಿಲ್ಲ ಎಂಬುದು ನೆನಪಿರಲಿ. ಸಾಮಾನ್ಯವಾಗಿ ಇಸಿಯು ಆ ವೈರಿಗೆ 5 ವೋಲ್ಟ್ ಏರಿಸಿ ಇಟ್ಟಿರುತ್ತದೆ, ಸೆನ್ಸರ್ ಹಲ್ಲು ಕಂಡಾಗೆಲ್ಲ ಅದನ್ನು ಅರ್ತ್‌ಗೆ ಎಳೆದು ಸೊನ್ನೆ ಮಾಡುತ್ತದೆ. ಎರಡು ವೈರಿನದು ಇಂಡಕ್ಟಿವ್: ಒಳಗೆ ಅಯಸ್ಕಾಂತ, ಸುತ್ತ ಕಾಯಿಲ್. ಹಲ್ಲು ಹಾದುಹೋದಾಗ ತಾನೇ ಎಸಿ ವೋಲ್ಟೇಜ್ ಹುಟ್ಟಿಸುತ್ತದೆ.

ಕೋಡ್ ಓದುವಾಗ

ಪಿ0340 ಸರ್ಕ್ಯೂಟ್ ದೋಷ. ಪಿ0342 ಸಿಗ್ನಲ್ ಕೆಳಗೇ ಸಿಕ್ಕಿಕೊಂಡಿದೆ ಎನ್ನುತ್ತದೆ, ಪಿ0343 ಮೇಲೇ ನಿಂತಿದೆ ಎನ್ನುತ್ತದೆ, ಪಿ0344 ಬಿಟ್ಟು ಬಿಟ್ಟು ಬರುತ್ತಿದೆ ಎಂದು. ಪಿ0341 ಬಂದರೆ ಸ್ವಲ್ಪ ನಿಧಾನಿಸಿ: ಸಿಗ್ನಲ್ ಬರುತ್ತಿದೆ, ಆದರೆ ಅದರ ಸಮಯ ಅಥವಾ ಆಕಾರ ಹೊಂದುತ್ತಿಲ್ಲ. ಅದರ ಜೊತೆ ಪಿ0016 ಸೇರಿದ್ದರೆ ಕ್ರ್ಯಾಂಕ್ ಮತ್ತು ಕ್ಯಾಮ್ ನಡುವಿನ ಲೆಕ್ಕವೇ ತಪ್ಪಿದೆ. ಅವೆರಡನ್ನೂ ಜೋಡಿಸುವ ಟೈಮಿಂಗ್ ಚೈನ್ ಕಡೆ ಹೋಗಬೇಕು, ವೈರು ಕೆದಕುತ್ತ ಕೂರಬಾರದು. ಪಿ0335 ಜೊತೆಗಿದ್ದರೆ ಕ್ರ್ಯಾಂಕ್ ಸೆನ್ಸರ್ ಮೊದಲು. ಎರಡಕ್ಕೂ ಒಂದೇ ಸಪ್ಲೈ ಇದ್ದರೆ ತಪ್ಪು ಅಲ್ಲೇ ಸಿಕ್ಕೀತು.

ಕೋಡ್ ಅಳಿಸುವ ಮುಂಚೆ ಫ್ರೀಜ್ ಫ್ರೇಮ್ ಬರೆದುಕೊಳ್ಳಿ. ಕೋಡ್ ಬಿದ್ದಾಗ ಎಂಜಿನ್ ಬಿಸಿ ಎಷ್ಟಿತ್ತು, ಆರ್‌ಪಿಎಂ ಎಷ್ಟಿತ್ತು ಎಂಬ ಎರಡು ಅಂಕಿಗಳಿಂದ ಅರ್ಧ ದಾರಿ ಸವೆಯುತ್ತದೆ. 25 ಡಿಗ್ರಿಯಲ್ಲಿ, ಸೆಲ್ಫ್ ಹೊಡೆಯುವಾಗ ಬಿದ್ದಿದ್ದರೆ ಥಂಡಿ ಅಥವಾ ಬ್ಯಾಟರಿ. 95 ಡಿಗ್ರಿ ದಾಟಿದಾಗ ಬಿದ್ದಿದ್ದರೆ ಬಿಸಿಗೆ ಬಿಡುವ ಸೆನ್ಸರ್.

ಮೀಟರ್ ಹಿಡಿಯುವ ಮುಂಚೆ

ಬ್ಯಾಟರಿ ನೋಡಿ. ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿದರೆ ಮೊದಲು ಅದನ್ನು ಸರಿಮಾಡಿ. ಹತ್ತು ದಿನ ಮಳೆಯಲ್ಲಿ ಅಂಗಳದಲ್ಲೇ ನಿಂತ ಗಾಡಿಯ ಸೋತ ಬ್ಯಾಟರಿ ಇಲ್ಲದ ಸೆನ್ಸರ್ ದೋಷಗಳನ್ನೆಲ್ಲ ಹುಟ್ಟುಹಾಕುತ್ತದೆ.

ಆಮೇಲೆ ಬಾನೆಟ್ ಎತ್ತಿ ಬ್ಯಾಟರಿ ದೀಪ ಹಿಡಿದು ಹಾರ್ನೆಸ್ (ವೈರುಗಳ ಕಟ್ಟು) ಉದ್ದಕ್ಕೂ ಕಣ್ಣು ಹಾಯಿಸಿ. ಕೊಟ್ಟಿಗೆ ಪಕ್ಕ, ಹುಲ್ಲಿನ ಬಣವೆ ಅಥವಾ ಅಡಿಕೆ ಸಿಪ್ಪೆಯ ರಾಶಿ ಹತ್ತಿರ ನಿಲ್ಲಿಸುವ ಗಾಡಿಯಾದರೆ ಇಲಿ, ಹೆಗ್ಗಣಗಳ ಗುರುತು ಹುಡುಕಿ: ಎಂಜಿನ್ ಮೇಲಿನ ಕವರ್ ಕೆಳಗೆ ಒಣಹುಲ್ಲು, ಹಿಕ್ಕೆ, ಸ್ಲೀವ್ ಅಂಚಿನಲ್ಲಿ ಹಲ್ಲಿನ ಗೀರು. ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ ಅವಕ್ಕೆ ಒಳ್ಳೆಯ ಬಿಡಾರ. ಕಪ್ಪು ಸ್ಲೀವ್ ಮೇಲೆ ಸರಿಯಾಗಿದ್ದು ಕೆಳಬದಿಯಲ್ಲಿ ತಿಂದಿರುವುದುಂಟು, ಕೈ ಸವರಿಯೇ ನೋಡಬೇಕು. ತಂಬಾಕಿನ ಕಡ್ಡಿ ಕಟ್ಟಿದ್ದೇವೆ ಎನ್ನುವವರ ಗಾಡಿಯಲ್ಲೂ ಕಡಿದ ವೈರು ಸಿಗುತ್ತದೆ. ಆ ವಾಸನೆ ನಮ್ಮ ತೇವಕ್ಕೆ ಹೆಚ್ಚು ದಿನ ನಿಲ್ಲುವುದಿಲ್ಲ.

ಇತ್ತೀಚೆಗೆ ಏನು ಕೆಲಸ ಮಾಡಿಸಿದ್ದಾರೆ ಎಂದೂ ಕೇಳಿ. ಎಂಜಿನ್‌ಗೆ ಪ್ರೆಶರ್ ವಾಶ್, ಟ್ಯಾಪೆಟ್ ಕವರ್ ಪ್ಯಾಕಿಂಗ್, ಟೈಮಿಂಗ್ ಬೆಲ್ಟ್ ಬದಲಾವಣೆ, ಈ ಮೂರಕ್ಕೂ ಕ್ಯಾಮ್ ಸೆನ್ಸರ್ ಕೋಡ್‌ಗೂ ಹತ್ತಿರದ ನಂಟು.

ಕಪ್ಲರ್

ಇಲ್ಲಿ ಅವಸರ ಬೇಡ. ಕೀ ಆಫ್ ಮಾಡಿ, ಲಾಕ್ ಒತ್ತಿ, ಕಪ್ಲರ್ ದೇಹ ಹಿಡಿದು ಬಿಚ್ಚಿ. ವೈರು ಹಿಡಿದು ಎಳೆಯಬೇಡಿ. ಬೆಳಕಿಗೆ ಹಿಡಿದು ಒಳಗೆ ನೋಡಿ. ನೀರಿನ ಹನಿ ಕಂಡರೆ ಸರಿ, ಕಾರಣ ಸಿಕ್ಕಿತು. ಆದರೆ ಬಹಳ ಸಲ ನೀರು ಒಣಗಿ ಅದರ ಗುರುತು ಮಾತ್ರ ಉಳಿದಿರುತ್ತದೆ: ಹಿತ್ತಾಳೆ ಟರ್ಮಿನಲ್ ಬುಡದಲ್ಲಿ ಹಸಿರು ಅಥವಾ ಬೂದು ಪುಡಿ, ಮೂರರಲ್ಲಿ ಒಂದು ಮಾತ್ರ ಕಪ್ಪಾಗಿರುವುದು. ಸಪ್ಲೈ ಬರುವ ಪಿನ್ನಿನಲ್ಲಿ ಹಸಿರು ಹೆಚ್ಚು. ವೋಲ್ಟೇಜ್ ಇರುವ ಕಡೆ ನೀರು ಸೇರಿದರೆ ತಾಮ್ರ ಬೇಗ ಕರಗುತ್ತದೆ.

ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಒಳಗಿನ ತಾಮ್ರ ಕೊಳೆತು ತುಂಡಾಗಿದ್ದರೆ ಮೇಲಿನ ಪ್ಲಾಸ್ಟಿಕ್ ರಬ್ಬರಿನಂತೆ ಹಿಗ್ಗುತ್ತದೆ. ಗಟ್ಟಿ ವೈರು ಹಿಗ್ಗುವುದಿಲ್ಲ. ಹಿಂಬದಿಯ ರಬ್ಬರ್ ಸೀಲ್‌ಗಳು ತಮ್ಮ ತಮ್ಮ ಗೂಡಿನಲ್ಲಿ ಕೂತಿವೆಯೇ ನೋಡಿ; ಒಂದು ಹಿಂದೆ ಸರಿದಿದ್ದರೂ ವೈರಿನ ಗುಂಟ ಇಳಿದ ನೀರು ಸೀದಾ ಟರ್ಮಿನಲ್‌ಗೆ ಹೋಗುತ್ತದೆ. ಟರ್ಮಿನಲ್ ಬಾಯಿ ಅಗಲವಾಗಿದೆಯೋ ಎಂಬುದಕ್ಕೆ ಅದೇ ಅಳತೆಯ ಒಂದು ಪಿನ್ ತೂರಿಸಿ ಎಳೆಯಿರಿ, ಸ್ವಲ್ಪ ಹಿಡಿತ ಸಿಗಬೇಕು.

ವೈರಿನ ಮೈಗೆ ಸೂಜಿ ಚುಚ್ಚಿ ವೋಲ್ಟೇಜ್ ನೋಡುವ ಅಭ್ಯಾಸ ಬಯಲುಸೀಮೆಯಲ್ಲಿ ಹೇಗೋ ನಡೆದೀತು, ಆಗುಂಬೆ ಸುತ್ತ ಅಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕಡೆ ಆ ಸೂಜಿ ತೂತು ಮುಂದಿನ ಮಳೆಗಾಲದ ದೋಷವಾಗುತ್ತದೆ. ಕಪ್ಲರ್ ಹಿಂಬದಿಯಿಂದ ಸೀಲ್ ಪಕ್ಕದಲ್ಲಿ ತೆಳುವಾದ ಪಿನ್ ತೂರಿಸಿ ಅಳೆಯಿರಿ.

ಮೂರು ವೈರಿನ ಸೆನ್ಸರ್: ಅಳತೆಯ ಕ್ರಮ

1. ಕಪ್ಲರ್ ಬಿಚ್ಚಿ, ಕೀ ಆನ್. ಸಪ್ಲೈ ಪಿನ್ ಮತ್ತು ಬ್ಯಾಟರಿ ಮೈನಸ್ ನಡುವೆ 5 ವೋಲ್ಟ್‌ನದಾದರೆ 4.8ರಿಂದ 5.2, 12ರದಾದರೆ ಬ್ಯಾಟರಿ ವೋಲ್ಟೇಜ್ ಸಿಗಬೇಕು. ಯಾವ ಪಿನ್ ಯಾವುದು ಎಂಬುದಕ್ಕೆ ಆ ಎಂಜಿನ್ನಿನ ವೈರಿಂಗ್ ಚಿತ್ರವೇ ಗತಿ. ಬಣ್ಣ ನಂಬಿ ಹೋಗಬೇಡಿ.

2. 5 ವೋಲ್ಟ್ ಇಲ್ಲದಿದ್ದರೆ ಇಸಿಯು ಹೋಗಿದೆ ಎಂದು ತೀರ್ಮಾನಿಸುವ ಮುಂಚೆ, ಅದೇ ಸಪ್ಲೈ ಹಂಚಿಕೊಂಡಿರುವ ಬೇರೆ ಸೆನ್ಸರ್‌ಗಳ ಕಪ್ಲರ್ ಒಂದೊಂದಾಗಿ ಬಿಚ್ಚಿ. ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಒಳಗೆ ಶಾರ್ಟ್ ಆಗಿದ್ದರೂ ಕ್ಯಾಮ್ ಸೆನ್ಸರ್‌ಗೆ ಬರಬೇಕಾದ 5 ವೋಲ್ಟ್ ಬೀಳುತ್ತದೆ. ಯಾವುದನ್ನು ಬಿಚ್ಚಿದಾಗ 5 ವಾಪಸ್ ಬಂತೋ ತಪ್ಪು ಅಲ್ಲಿದೆ.

3. ಸಪ್ಲೈ 12 ವೋಲ್ಟ್‌ನದಾದರೆ ಮೀಟರ್ ಒಂದನ್ನೇ ನೆಚ್ಚಬೇಡಿ. ಒಂದೇ ಎಳೆ ತಾಮ್ರ ಉಳಿದ ವೈರಿನಲ್ಲೂ ಮೀಟರ್ 12 ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ. ಡ್ಯಾಶ್‌ಬೋರ್ಡಿನ ಚಿಕ್ಕ ಬಲ್ಬ್ ಹಾಕಿ ನೋಡಿ, ಪೂರ್ತಿ ಉರಿಯಬೇಕು. ಆದರೆ 5 ವೋಲ್ಟ್ ವೈರಿಗಾಗಲಿ ಸಿಗ್ನಲ್ ವೈರಿಗಾಗಲಿ ಬಲ್ಬ್ ಟೆಸ್ಟ್ ಲ್ಯಾಂಪ್ ಮುಟ್ಟಿಸಬೇಡಿ, ಇಸಿಯುಗೆ ಪೆಟ್ಟು ಬೀಳುತ್ತದೆ.

4. ಅರ್ತ್: ಕಪ್ಲರ್ ಮತ್ತೆ ಕೂರಿಸಿ, ಕೀ ಆನ್ ಇರುವಾಗ ಹಿಂಬದಿಯಿಂದ ಅರ್ತ್ ಪಿನ್ನಿಗೂ ಬ್ಯಾಟರಿ ಮೈನಸ್‌ಗೂ ನಡುವೆ ಅಳೆಯಿರಿ. 0.1 ವೋಲ್ಟ್‌ಗಿಂತ ಕಡಿಮೆ ಇರಬೇಕು. ಸೆಲ್ಫ್ ಹೊಡೆಯುವಾಗ ಇದು ಏರಿದರೆ ಎಂಜಿನ್-ಬಾಡಿ ನಡುವಿನ ಅರ್ತ್ ಪಟ್ಟಿ ನೋಡಿ. ಅದರ ಬೋಲ್ಟ್ ಕೆಳಗೆ ತುಕ್ಕು ಕೂತಿರುವುದು ನಮ್ಮ ಕಡೆ ಸಾಮಾನ್ಯ.

5. ಕಪ್ಲರ್ ಬಿಚ್ಚಿ, ಕೀ ಆನ್, ಸಿಗ್ನಲ್ ಪಿನ್: ಇಸಿಯು ಏರಿಸಿಟ್ಟ 5 ವೋಲ್ಟ್ ಸಿಗಬೇಕು, ಕೆಲವು ಗಾಡಿಗಳಲ್ಲಿ 12ರ ಹತ್ತಿರ. ಸೊನ್ನೆ ಬಂದರೆ ವೈರು ತುಂಡಾಗಿದೆ ಅಥವಾ ಎಲ್ಲೋ ಬಾಡಿಗೆ ತಾಗಿದೆ. ಆಗ ಬ್ಯಾಟರಿ ಮೈನಸ್ ಬಿಚ್ಚಿ, ಇಸಿಯು ಕಪ್ಲರ್ ಬಿಚ್ಚಿ, ಈ ತುದಿಯಿಂದ ಆ ತುದಿಗೆ ಓಮ್ ಅಳೆಯಿರಿ. 1 ಓಮ್ ಆಸುಪಾಸಿಗಿಂತ ಹೆಚ್ಚಿರಬಾರದು, ಬಾಡಿಗೆ ಅಳೆದರೆ ಏನೂ ತೋರಿಸಬಾರದು. ಅಳೆಯುವಾಗ ಹಾರ್ನೆಸ್ ಅಲ್ಲಾಡಿಸುತ್ತಿರಿ.

6. ಸಿಗ್ನಲ್: ಫ್ಯುಯೆಲ್ ಪಂಪ್ ಫ್ಯೂಸ್ ತೆಗೆದು, ಕಾಯಿಲ್ ಮತ್ತು ಇಂಜೆಕ್ಟರ್ ಕಪ್ಲರ್‌ಗಳನ್ನು ಬಿಚ್ಚಿ. ಸೆನ್ಸರ್ ಕಪ್ಲರ್ ಕೂರಿಸಿ, ಕೀ ಆನ್ ಮಾಡಿ, ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸಿ. ಎರಡು ಸುತ್ತಿನಲ್ಲಿ ಕ್ಯಾಮ್ ಚಕ್ರದ ಎಲ್ಲ ಹಲ್ಲುಗಳೂ ಹಾದುಹೋಗುತ್ತವೆ. ಮೀಟರ್ 5ರಿಂದ ಸೊನ್ನೆಯ ಹತ್ತಿರಕ್ಕೆ, ಮತ್ತೆ 5ಕ್ಕೆ ಕಡಿದಂತೆ ಜಿಗಿಯಬೇಕು. ಕೆಳಗಿಳಿದಾಗ 1 ಅಥವಾ 1.5 ವೋಲ್ಟ್‌ನಲ್ಲಿ ನಿಂತರೆ ಅರ್ತ್ ಕೆಟ್ಟಿದೆ ಅಥವಾ ಸೆನ್ಸರ್ ಸೋತಿದೆ. ನಾಲ್ಕನೇ ಹಂತದಲ್ಲಿ ಅರ್ತ್ ಸರಿ ಇತ್ತಾದರೆ ಸೆನ್ಸರ್‌ದೇ ತಪ್ಪು.

ಎಂಜಿನ್ ಓಡುವಾಗ ಮೀಟರಿನಲ್ಲಿ ಕಾಣುವ 2-3 ವೋಲ್ಟ್ ಬರೀ ಸರಾಸರಿ, ಅದರಿಂದ ನಡುವೆ ತಪ್ಪಿದ ಹಲ್ಲು ಗೊತ್ತಾಗುವುದಿಲ್ಲ. ಅದಕ್ಕೆ ಸಿಗ್ನಲ್ಲಿನ ಅಲೆಯನ್ನೇ ಪರದೆಯಲ್ಲಿ ತೋರಿಸುವ ಸ್ಕೋಪ್ ಬೇಕು. ಕ್ರ್ಯಾಂಕ್ ಮತ್ತು ಕ್ಯಾಮ್ ಎರಡನ್ನೂ ಒಂದೇ ಪರದೆಯಲ್ಲಿ ಹಿಡಿದರೆ ಸಂಶಯಕ್ಕೆ ಎಡೆಯಿಲ್ಲ. ಎರಡು ಚಾನೆಲ್‌ನ ಸಾಧಾರಣ ಸ್ಕೋಪ್ ಇದಕ್ಕೆ ಸಾಕು.

ಹಾಲ್ ಸೆನ್ಸರ್‌ನ ಪಿನ್ನುಗಳಿಗೆ ಓಮ್ ಮೀಟರ್ ಇಟ್ಟು ಒಳ್ಳೆಯದು, ಕೆಟ್ಟದ್ದು ಎನ್ನುವವರಿದ್ದಾರೆ. ಒಳಗಿರುವುದು ಚಿಪ್; ಅಲ್ಲಿ ಬರುವ ಓಮ್‌ಗೆ ಅರ್ಥವಿಲ್ಲ.

ಎರಡು ವೈರಿನದಕ್ಕೆ ಓಮ್ ಅಳತೆ ಸಲ್ಲುತ್ತದೆ. ಎಂಜಿನ್ ಮ್ಯಾನ್ಯುಯಲ್‌ನ ಅಂಕಿಯೇ ಪ್ರಮಾಣ, ಸಾಮಾನ್ಯವಾಗಿ ಕೆಲವು ನೂರರಿಂದ ಸಾವಿರ ಚಿಲ್ಲರೆ ಓಮ್. ಎರಡೂ ಪಿನ್‌ನಿಂದ ಸೆನ್ಸರ್ ಬಾಡಿಗೆ ಏನೂ ತೋರಬಾರದು. ಸೆಲ್ಫ್ ಹೊಡೆಯುವಾಗ ಎಸಿ ವೋಲ್ಟ್‌ನಲ್ಲಿ ಅಳೆದರೆ ಅರ್ಧ ವೋಲ್ಟ್ ಆಸುಪಾಸು ಬಂದು ವೇಗದ ಜೊತೆ ಏರಬೇಕು. ಇಲಿ ಕಡಿದದ್ದನ್ನು ಜೋಡಿಸುವಾಗ ಎರಡು ವೈರು ಅದಲುಬದಲಾದರೆ ಅಲೆ ತಲೆಕೆಳಗಾಗಿ ಇಸಿಯು ಸಮಯ ತಪ್ಪಿ ಓದುತ್ತದೆ, ಹೊಸ ಸೆನ್ಸರ್ ಹಾಕಿದರೂ ಪಿ0341 ಹೋಗುವುದಿಲ್ಲ.

ಘಾಟಿ ಹತ್ತಿದ ಮೇಲೆ ನಿಲ್ಲುವ ಗಾಡಿ

ಸೋಮೇಶ್ವರದಿಂದ 14 ತಿರುವು ಹತ್ತಿ ಆಗುಂಬೆಗೆ ಬಂದು ಚಹಾಕ್ಕೆ ನಿಲ್ಲಿಸಿದ ಗಾಡಿ ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಆಗುವುದಿಲ್ಲ, ಅರ್ಧ ಗಂಟೆ ಬಿಟ್ಟರೆ ಆಗುತ್ತದೆ. ಎಂಜಿನ್ ಆರಿಸಿದಾಗ ಕೂಲೆಂಟ್ ಓಡುವುದೂ ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಹೆಡ್‌ನಲ್ಲಿ ತುಂಬಿದ ಬಿಸಿ ಮೆಲ್ಲಗೆ ಸೆನ್ಸರಿಗೆ ಏರುತ್ತದೆ. ಒಳಗಿನ ಬೆಸುಗೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ಆ ಬಿಸಿಗೆ ಬಾಯಿ ಬಿಡುತ್ತದೆ, ತಣಿದಾಗ ಮುಚ್ಚಿಕೊಳ್ಳುತ್ತದೆ. ಗ್ಯಾರೇಜಿಗೆ ಬರುವಷ್ಟರಲ್ಲಿ ಎಲ್ಲ ಅಳತೆಯೂ ಸರಿ.

ಇದನ್ನು ಹಿಡಿಯಲು ಹೇರ್ ಡ್ರೈಯರ್‌ನಿಂದ ಸೆನ್ಸರ್ ಬಿಸಿ ಮಾಡುತ್ತ ಸಿಗ್ನಲ್ ನೋಡಿ. ಬೆಂಕಿ, ಬ್ಲೋ ಲ್ಯಾಂಪ್ ಬೇಡ. ಸಿಗ್ನಲ್ ಮಾಯವಾಗಿ, ಒದ್ದೆ ಬಟ್ಟೆ ಇಟ್ಟಾಗ ಮರಳಿದರೆ ಸೆನ್ಸರ್ ಬದಲಿಸಿ.

ದಾರಿಯಲ್ಲೇ, ಹುಲಿಕಲ್ ಘಾಟಿಯಂಥ ನೆಟ್‌ವರ್ಕ್ ಸಿಗದ ಕಡೆ ಸಿಕ್ಕಿಕೊಂಡರೆ: ತಿರುವು ಬಿಟ್ಟು ಅಗಲ ಇರುವ ಕಡೆ ನಿಲ್ಲಿಸಿ, ಬಾನೆಟ್ ಎತ್ತಿ, ಸೆನ್ಸರ್ ಮೇಲೆ ಒದ್ದೆ ಬಟ್ಟೆ ಹಾಕಿ 20-30 ನಿಮಿಷ ಬಿಡಿ. ಆಗಲೂ ಹತ್ತದಿದ್ದರೆ, ಪೆಟ್ರೋಲ್ ಗಾಡಿಯಾದರೆ, ಕೀ ಆಫ್ ಮಾಡಿ ಕ್ಯಾಮ್ ಸೆನ್ಸರ್ ಕಪ್ಲರ್ ಬಿಚ್ಚಿಟ್ಟು ಸೆಲ್ಫ್ ಹೊಡೆದು ನೋಡಿ. ತಪ್ಪು ಸಿಗ್ನಲ್ ಬರುತ್ತಿದ್ದರೆ ಇಸಿಯು ಗೊಂದಲಕ್ಕೆ ಬೀಳುತ್ತದೆ. ಸಿಗ್ನಲ್ಲೇ ಇಲ್ಲವಾದರೆ ಬದಲಿ ವ್ಯವಸ್ಥೆಗೆ ಹೊರಳುತ್ತದೆ. ಎಲ್ಲ ಗಾಡಿಯಲ್ಲೂ ನಡೆಯುವುದಿಲ್ಲ, ನಡೆದರೆ ನಿಧಾನಕ್ಕೆ ಊರು ಸೇರಬಹುದು. ಬಿಚ್ಚಿದ ಕಪ್ಲರ್ ಬಾಯಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ.

ಕರೆಂಟ್ ಎಲ್ಲ ಸರಿ ಇದ್ದರೆ

ಸೆನ್ಸರ್ ಬಿಚ್ಚಿ ಮೂತಿ ನೋಡಿ. ಅದರ ಅಯಸ್ಕಾಂತಕ್ಕೆ ಕಬ್ಬಿಣದ ಪುಡಿ ಮೆತ್ತಿದ್ದರೆ ಒರೆಸಿ, ಜೊತೆಗೆ ಆ ಪುಡಿ ಎಲ್ಲಿಂದ ಬಂತು ಎಂದು ಯೋಚಿಸಿ. ಒಳಗೆ ಏನೋ ಸವೆಯುತ್ತಿದೆ.

ಚೈನ್ ಹಿಗ್ಗಿದರೆ ಅಥವಾ ಒಂದು ಹಲ್ಲು ಹಾರಿದರೆ ಏನಾಗುತ್ತದೆ ಎಂಬ ಲೆಕ್ಕ ಸರಳ. ಕ್ಯಾಮ್ ಸ್ಪ್ರಾಕೆಟ್‌ಗೆ 40 ಹಲ್ಲು ಇದ್ದರೆ ಒಂದು ಹಲ್ಲೆಂದರೆ 9 ಡಿಗ್ರಿ ಕ್ಯಾಮ್, ಅಂದರೆ 18 ಡಿಗ್ರಿ ಕ್ರ್ಯಾಂಕ್. ಅಷ್ಟು ವ್ಯತ್ಯಾಸವನ್ನು ಇಸಿಯು ಬಿಡುವುದಿಲ್ಲ, ಪಿ0016 ಹಾಕುತ್ತದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೊದಲ ಎರಡು ಮೂರು ಸೆಕೆಂಡ್ ಚೈನ್ ಕಡೆಯಿಂದ ಗಲಗಲ ಸದ್ದು ಬಂದರೆ ಚೈನ್ ಬಿಗಿಯಾಗಿಡುವ ಟೆನ್ಷನರ್ ನೋಡಿ; ಹಲವು ಎಂಜಿನ್‌ಗಳಲ್ಲಿ ಅದು ಆಯಿಲ್ ಪ್ರೆಶರ್ ಮೇಲೆ ನಿಲ್ಲುವಂಥದ್ದು. ತೋಟದಿಂದ ಪೇಟೆಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಆಯಿಲ್ ಪೂರ್ತಿ ಬಿಸಿಯಾಗುವುದಿಲ್ಲ, ಒಳಗಿನ ತೇವ ಆವಿಯಾಗುವುದಿಲ್ಲ. ಆಯಿಲ್ ಕ್ಯಾಪ್ ಒಳಬದಿಯಲ್ಲಿ ಮಜ್ಜಿಗೆ ಬಣ್ಣದ ನೊರೆ ಕಾಣುತ್ತದೆ. ವಿವಿಟಿ (ಓಡುವಾಗಲೇ ವಾಲ್ವ್ ಸಮಯ ಬದಲಿಸುವ ವ್ಯವಸ್ಥೆ) ಇರುವ ಎಂಜಿನ್‌ನಲ್ಲಿ ಆಯಿಲ್ ಕಂಟ್ರೋಲ್ ವಾಲ್ವ್‌ನ ಜಾಲರಿಗೆ ಕೆಸರು ಕಟ್ಟಿದರೆ ಕ್ಯಾಮ್ ಹೇಳಿದ ಜಾಗಕ್ಕೆ ಬರುವುದಿಲ್ಲ. ಇಂಥ ಗಾಡಿಗೆ ಕಿಲೋಮೀಟರ್ ಲೆಕ್ಕ ಬಿಟ್ಟು ತಿಂಗಳ ಲೆಕ್ಕದಲ್ಲಿ ಆಯಿಲ್ ಬದಲಿಸಬೇಕು. ಆರು ತಿಂಗಳು ಒಳ್ಳೆಯ ಅಂತರ.

ರಿಪೇರಿ

ವೈರು ಕೊಳೆತಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೂ ಹಿಂದಕ್ಕೆ ಕತ್ತರಿಸಿ. ಕಪ್ಪು ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. 0.5 ಚದರ ಮಿಲಿಮೀಟರ್ ವೈರು ಹಾಕಿ, ಮೂರು ಜೋಡಣೆಯನ್ನೂ ಒಂದೇ ಕಡೆ ಮಾಡದೆ 30-40 ಮಿಲಿಮೀಟರ್ ಅಂತರದಲ್ಲಿ ಮಾಡಿ. ಅದರ ಮೇಲೆ, ಒಳಬದಿಯಲ್ಲಿ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ತಿರುಚಿ ಇನ್ಸುಲೇಶನ್ ಟೇಪ್ ಸುತ್ತಿದ್ದು ಒಂದು ಮಳೆಗಾಲ ದಾಟುವುದಿಲ್ಲ. ಕಪ್ಲರ್‌ಗೆ ಹೋಗುವ ಮುಂಚೆ ವೈರು ಸ್ವಲ್ಪ ಕೆಳಗೆ ಜೋತುಬೀಳುವಂತೆ ಕಟ್ಟಿದರೆ ಹರಿದುಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಟರ್ಮಿನಲ್‌ಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ, ಸೀಲ್‌ಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಕಪ್ಲರ್ ತುಂಬ ತುರುಕಬೇಡಿ.

ಸೆನ್ಸರ್ ಬದಲಿಸುವುದೇ ಆದರೆ ಹೊಸ ಓ ರಿಂಗ್‌ಗೆ ಎಂಜಿನ್ ಆಯಿಲ್ ಸವರಿ, ಕೈಯಿಂದ ಒತ್ತಿ ಕೂರಿಸಿ. ಬೋಲ್ಟ್ ಬಿಗಿದು ಎಳೆದು ಕೂರಿಸಿದರೆ ಪ್ಲಾಸ್ಟಿಕ್ ಕಿವಿ ಸೀಳುತ್ತದೆ. 6 ಮಿಲಿಮೀಟರ್ ಬೋಲ್ಟ್‌ಗೆ 8ರಿಂದ 10 ನ್ಯೂಟನ್ ಮೀಟರ್ ಸಾಕು. ಹಲ್ಲಿಗೂ ಮೂತಿಗೂ ನಡುವಿನ ಅಂತರ ಬಹಳ ಎಂಜಿನ್‌ಗಳಲ್ಲಿ 0.5ರಿಂದ 1.5 ಮಿಲಿಮೀಟರ್ ಒಳಗಿರುತ್ತದೆ. ಹಳೇ ಓ ರಿಂಗ್ ತುಂಡು ಅಡಿಯಲ್ಲಿ ಉಳಿದು ಅಂತರ ಹೆಚ್ಚಾಗದಂತೆ ನೋಡಿ. ಅಗ್ಗದ ನಕಲಿ ಸೆನ್ಸರ್ ಹಾಕಿದ ಮೇಲೆ ಪಿ0340 ಹೋಗಿ ಪಿ0341 ಬಂದರೆ ಆಶ್ಚರ್ಯವಿಲ್ಲ. ಬ್ಯಾಟರಿ ಬಿಚ್ಚಿದ್ದರೆ ಐಡ್ಲಿಂಗ್ ಕಲಿಕೆ ಅಳಿದಿರಬಹುದು, ಸ್ಕ್ಯಾನರಿನಿಂದ ಮತ್ತೆ ಕಲಿಸಿ.

ಕೋಡ್ ಅಳಿಸಿ, ಎಂಜಿನ್ ಐಡ್ಲಿಂಗ್‌ನಲ್ಲಿ ಬಿಟ್ಟು, ಗಿಡಕ್ಕೆ ಹೊಡೆಯುವ ಸ್ಪ್ರೇ ಬಾಟಲಿಯಿಂದ ಕಪ್ಲರ್ ಮತ್ತು ಹಾರ್ನೆಸ್ ಮೇಲೆ ನೀರು ಚಿಮುಕಿಸುತ್ತ ಸ್ಕ್ಯಾನರಿನ ಲೈವ್ ಡೇಟಾ ನೋಡಿ. ಕಾಯಿಲ್ ಮೇಲೆ ಬೀಳದಂತೆ ಎಚ್ಚರವಿರಲಿ. ಕ್ಯಾಮ್-ಕ್ರ್ಯಾಂಕ್ ಸಿಂಕ್ ಕದಲಬಾರದು. ಬಳಿಕ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ಓಡಿಸಿ, ಆರಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಸ್ಟಾರ್ಟ್ ಮಾಡಿ. ಚೆಕ್ ಲೈಟ್ ಹತ್ತಲಿಲ್ಲ ಎಂದು ಅಲ್ಲಿಗೇ ಬಿಡಬೇಡಿ, ಪೆಂಡಿಂಗ್ ಕೋಡ್ ಪಟ್ಟಿ ತೆರೆದು ನೋಡಿ; ಕೆಲವು ಇಸಿಯುಗಳು ಎರಡನೇ ಓಟದಲ್ಲೂ ದೋಷ ಕಂಡ ಮೇಲೆಯೇ ಲೈಟ್ ಹಚ್ಚುತ್ತವೆ. ಅಲ್ಲಿ ಪಿ0340 ಕೂತಿದ್ದರೆ ಗಾಡಿ ಕೊಡದೆ ಕಪ್ಲರ್‌ನಿಂದ ಮತ್ತೆ ಶುರುಮಾಡಿ.